ಎರೆಮಣ್ಣಿನ ಮೇಲಿನ ಮನೆ: ಕೊಳ್ಳುವ ಮುನ್ನ ನೋಡಬೇಕಾದುದು

(ವಿಜಯಪುರ ನಗರ, ತಿಕೋಟಾ ಹಾಗೂ ಬಬಲೇಶ್ವರ ಭಾಗದ ನಿವಾಸಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ವಾಸಿಸುವ ಮಲೆನಾಡಿನಲ್ಲಿ ಮನೆಯನ್ನು ಕಾಡುವುದು ಮೇಲಿನಿಂದ ಸುರಿಯುವ ಮಳೆ. ನಿಮ್ಮ ಸೀಮೆಯಲ್ಲಿ ಮನೆಯನ್ನು ಕಾಡುವುದು ಅಡಿಯಲ್ಲಿರುವ ಮಣ್ಣು. ಬಿಳಿಜೋಳವನ್ನು ಹಿಂಗಾರಿನ ತೇವದಲ್ಲೇ ಬೆಳೆಸಿಕೊಡುವ ಈ ಎರೆಭೂಮಿ ಒಕ್ಕಲಿಗನಿಗೆ ತಾಯಿ. ತಳಪಾಯಕ್ಕೆ ಮಾತ್ರ ಚಂಚಲ ನೆರೆಯವಳು.

ಅಮೆರಿಕದಂಥ ದೇಶಗಳಲ್ಲಿ ಮನೆ ತಪಾಸಣೆಯೇ ಒಂದು ವೃತ್ತಿ. ತಪಾಸಕರು ಕೆಲವು ಗಂಟೆಗಳ ಕಾಲ ಮಾಳಿಗೆ, ಗೋಡೆ, ನಲ್ಲಿ, ವಿದ್ಯುತ್ ತಂತಿಗಳನ್ನು ನೋಡಿ ಲಿಖಿತ ವರದಿ ಕೊಡುತ್ತಾರೆ. ಅದು ಕಣ್ಣಿಗೆ ಕಂಡುದರ ವರದಿ ಮಾತ್ರ. ಅವರು ಗೋಡೆ ಒಡೆಯುವುದಿಲ್ಲ, ಬೆಲೆ ಕಟ್ಟುವುದಿಲ್ಲ, ನಾಳೆಯ ಭರವಸೆಯನ್ನೂ ನೀಡುವುದಿಲ್ಲ. ನಮ್ಮಲ್ಲಿ ಒಬ್ಬ ಸಿವಿಲ್ ಎಂಜಿನಿಯರರನ್ನೂ ಅನುಭವಿ ಗೌಂಡಿಯೊಬ್ಬರನ್ನೂ ಕರೆದೊಯ್ದರೆ ಇಷ್ಟು ಕೆಲಸ ಆಗುತ್ತದೆ. ಉತಾರ, ಋಣಭಾರ ಪತ್ರಗಳನ್ನು ವಕೀಲರು ನೋಡಲಿ. ಕಾಗದ ಶುದ್ಧವಾಗಿದ್ದ ಮಾತ್ರಕ್ಕೆ ತಳಪಾಯ ಭದ್ರವೆಂದು ತಿಳಿಯಬಾರದು.

ಎರೆಮಣ್ಣಿನ ಜೇಡಿಕಣಗಳು ಪದರ ಪದರವಾಗಿವೆ. ನೀರು ಪದರಗಳ ನಡುವೆ ಸೇರಿದಾಗ ಮಣ್ಣು ಉಬ್ಬುತ್ತದೆ, ಆರಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕಾಣುವ ಬಿರುಕುಗಳೇ ಇದಕ್ಕೆ ಸಾಕ್ಷಿ. ಮನೆಯಡಿಯ ಮಣ್ಣು ಎಲ್ಲ ಕಡೆ ಸಮನಾಗಿ ಉಬ್ಬುವುದಿಲ್ಲ; ಆದ್ದರಿಂದಲೇ ಗೋಡೆ ಸೀಳುತ್ತದೆ. ಬಾಗಿಲು, ಕಿಟಕಿಗಳ ಮೂಲೆಯಿಂದ ಓರೆಯಾಗಿ ಏರುವ ಬಿರುಕು, ಮಳೆಗಾಲದಲ್ಲಿ ಬಿಗಿಯಾಗುವ ಬಾಗಿಲು, ನಡುವೆ ಉಬ್ಬಿದ ನೆಲ ಇವೆಲ್ಲ ಮಣ್ಣಿನ ಹಸ್ತಾಕ್ಷರಗಳು. ಗಿಲಾವಿನ ಮೇಲಿನ ಕೂದಲೆಳೆಯಂಥ ಗೆರೆಗಳಿಗೆ ಅಂಜಬೇಕಿಲ್ಲ. ಹಳೆಯ ಮನೆಯ ಒಂದೇ ಗೋಡೆಗೆ ಹೊಸ ಬಣ್ಣ ಬಳಿದಿದ್ದರೆ ಮಾತ್ರ ಕಾರಣ ಕೇಳಿರಿ.

ಇಲ್ಲಿ ನನ್ನ ಮುಖ್ಯ ಮಾತು: ಈ ನೆಲದಲ್ಲಿ ಒಂದೇ ದಿನದ ತಪಾಸಣೆ ಅರ್ಧ ತಪಾಸಣೆ. ಮಳೆ ಮುಗಿದ ಮೇಲೆ ಮುಚ್ಚಿಕೊಂಡ ಬಿರುಕು ಬೇಸಿಗೆಯಲ್ಲಿ ಬಾಯಿ ತೆರೆಯಬಹುದು. ಸಾಧ್ಯವಾದರೆ ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್ ಮಳೆಯ ನಂತರ ಮತ್ತೊಮ್ಮೆ ನೋಡಿರಿ. ಬಿರುಕಿನ ತುದಿಗೆ ಗುರುತು ಮಾಡಿ ದಿನಾಂಕ ಬರೆಯಿರಿ. ಅಷ್ಟು ಕಾಲಾವಕಾಶವಿಲ್ಲದಿದ್ದರೆ ನೆರೆಹೊರೆಯವರನ್ನು ವಿಚಾರಿಸಿರಿ. ಮಾಲೀಕರು ಒಪ್ಪಿದರೆ, ಎಂಜಿನಿಯರರ ಸಮ್ಮುಖದಲ್ಲಿ ಗೋಡೆಯ ಹೊರಗೆ ಸಣ್ಣ ಗುಂಡಿ ತೋಡಿಸಿ, ತಳಪಾಯ ಗರಸಿನವರೆಗೆ ಇಳಿದಿದೆಯೇ, ಎರೆಯಲ್ಲೇ ನಿಂತಿದೆಯೇ ಎಂಬುದನ್ನು ನೋಡಬಹುದು. 1656ರಲ್ಲಿ ಪೂರ್ಣಗೊಂಡ ಗೋಳಗುಮ್ಮಟದ ಅಡಿಪಾಯ ಬಂಡೆಯ ಮೇಲಿದೆ. ಎರೆ ಬಹಳ ಆಳವಾಗಿದ್ದಲ್ಲಿ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ, ಕೆಳತುದಿ ಗಡ್ಡೆಯಂತೆ ಅಗಲವಾದ ಕಾಂಕ್ರೀಟ್ ಕಂಬಗಳ ಅಡಿಪಾಯ ಸೂಕ್ತ. ಅದನ್ನು ಹಾಕಿದ್ದರೆ ನಕ್ಷೆ ಕೇಳಿರಿ.

ಮನೆಯ ಸುತ್ತಲಿನ ನೀರನ್ನೂ ಗಮನಿಸಬೇಕು. ಬುಡದಲ್ಲೇ ಇಂಗುವ ಬಚ್ಚಲ ನೀರು, ಸೋರುವ ನಲ್ಲಿ, ಗೋಡೆಗಂಟಿದ ದೊಡ್ಡ ಮರ ಇವು ಮಣ್ಣಿನ ತೇವವನ್ನು ಏರುಪೇರು ಮಾಡುತ್ತವೆ. ಮುಳವಾಡ, ತುಬಚಿ-ಬಬಲೇಶ್ವರ ಏತ ನೀರಾವರಿಗಳಿಂದ ಈ ಒಣಸೀಮೆಗೆ ಕೃಷ್ಣೆ ಬಂದಿರುವುದು ಸಂತೋಷದ ಸಂಗತಿ. ಆದರೆ ಕಾಲುವೆ ಅಥವಾ ತುಂಬಿದ ಕೆರೆಯ ಪಕ್ಕದ ಹಳೆಯ ಮನೆಯನ್ನು, ಒಣನೆಲದಲ್ಲಿ ಅದು ಎಷ್ಟು ವರ್ಷ ನಿಂತಿತ್ತೆಂಬ ಲೆಕ್ಕದಿಂದ ಮಾತ್ರ ಅಳೆಯಲಾಗದು. ಕೊಳವೆಬಾವಿ ಇದ್ದರೆ ನೀರಿನ ಫ್ಲೋರೈಡ್ ಪರೀಕ್ಷೆ ಮಾಡಿಸಿರಿ, ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ಯೋಗ್ಯವಲ್ಲ.

ಹಳ್ಳಿಗಳ ಕಲ್ಲುಮಣ್ಣಿನ ಮನೆಗಳು ಬೇಸಿಗೆಯಲ್ಲಿ ತಂಪು. ಅವುಗಳನ್ನು ನಾನು ತುಚ್ಛವಾಗಿ ಕಾಣಲಾರೆ. ಆದರೆ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ, ಮಣ್ಣಿನಲ್ಲಿ ಕಟ್ಟಿದ ಕಾಡುಗಲ್ಲಿನ ಗೋಡೆಗಳೂ ಭಾರವಾದ ಮಣ್ಣಿನ ಮಾಳಿಗೆಗಳೂ ಕುಸಿದು ಸಾವಿರಾರು ಜನರನ್ನು ನಿದ್ರೆಯಲ್ಲೇ ಬಲಿತೆಗೆದುಕೊಂಡವು. ನಿಮ್ಮ ಜಿಲ್ಲೆಯಲ್ಲೂ 2021 ಮತ್ತು 2022ರಲ್ಲಿ ಲಘು ಕಂಪನಗಳಾಗಿವೆ. ಇಂಥ ಮನೆ ಕೊಳ್ಳುವಾಗ ಗೋಡೆ ಹೊಟ್ಟೆ ಬಿಟ್ಟಿದೆಯೇ, ತೊಲೆ-ಜಂತಿಗಳಿಗೆ ಗೆದ್ದಲು ಹಿಡಿದಿದೆಯೇ, ವರ್ಷ ವರ್ಷ ಹಾಕಿದ ಮಣ್ಣಿನಿಂದ ಮಾಳಿಗೆ ಎಷ್ಟು ದಪ್ಪವಾಗಿದೆ ಎಂಬುದನ್ನು ಮೊದಲು ನೋಡಿರಿ.

ದೋಷ ಕಂಡ ಮನೆಯನ್ನೆಲ್ಲ ಬಿಡಬೇಕೆಂದಲ್ಲ. ದುರಸ್ತಿಯ ವೆಚ್ಚವನ್ನು ಬರಹದಲ್ಲಿ ಪಡೆದು ಬೆಲೆಯಲ್ಲಿ ಕಳೆಯಿರಿ. ತಳಪಾಯವೇ ಚಲಿಸುತ್ತಿದ್ದರೆ ಹಿಂದೆ ಸರಿಯಿರಿ. ಸಂಚಕಾರ ಕೊಡುವ ಮುನ್ನ ತಪಾಸಣೆಯಾಗಲಿ. ಜೀವಮಾನದ ಉಳಿತಾಯವನ್ನು ಇಡುವ ನೆಲವನ್ನು, ಬೀಜ ಬಿತ್ತುವ ನೆಲದಷ್ಟಾದರೂ ಎಚ್ಚರದಿಂದ ಪರೀಕ್ಷಿಸೋಣ.