ಉಬ್ಬರವೂ ಗ್ರಹಕೂಟವೂ



1962ರ ಫೆಬ್ರವರಿಯಲ್ಲಿ ಅಷ್ಟಗ್ರಹ ಕೂಟವೆಂದು ದೇಶವೆಲ್ಲ ನಡುಗಿತು, ಶಾಂತಿಹೋಮಗಳು ನಡೆದುವು. ಗ್ರಹಗಳು ಒಂದೆಡೆ ನೆರೆದರೆ ಕಡಲುಕ್ಕುವುದೆಂಬ ಅಂಜಿಕೆ ಕೆಲವರಲ್ಲಿ ಇಂದಿಗೂ ಉಳಿದಿದೆ. ಅದನ್ನು ಕೊಂಚ ತೂಗಿ ನೋಡೋಣ.

ಸೂರ್ಯನು ಭೂಮಿಯನ್ನು ಚಂದ್ರನಿಗಿಂತ ಸುಮಾರು 180 ಮಡಿ ಬಲವಾಗಿ ಸೆಳೆಯುತ್ತಾನೆ. ಆದರೂ ನಮ್ಮ ಕಾಸರಗೋಡಿನ ಕಡಲನ್ನು ಉಬ್ಬಿಸುವುದರಲ್ಲಿ ಚಂದ್ರನದೇ ಮೇಲುಗೈ. ಏಕೆಂದರೆ ಉಬ್ಬರಕ್ಕೆ ಕಾರಣ ಬರಿಯ ಸೆಳೆತವಲ್ಲ. ಭೂಮಿಯ ಈ ಮಗ್ಗುಲಿಗೂ ಆ ಮಗ್ಗುಲಿಗೂ ಸೆಳೆತದಲ್ಲಿರುವ ಅಂತರ. ದೂರವು ಇಮ್ಮಡಿಯಾದರೆ ಈ ಅಂತರವು ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ.

ಹತ್ತಿರ ಹೋದವರಿಗೆ ಗುರುಗ್ರಹವು ಉಗ್ರವೇ ಸರಿ. ಅದರ ಉಪಗ್ರಹವಾದ ಅಯೋ ಒಮ್ಮೆ ಸಮೀಪಿಸಿ ಒಮ್ಮೆ ದೂರ ಸರಿಯುತ್ತ, ನಾದುವ ಕಣಕದಂತೆ ಹಿಗ್ಗಿ ಕುಗ್ಗಿ ಒಡಲೆಲ್ಲ ಕಾದಿದೆ; ಅಲ್ಲಿನ ಜ್ವಾಲಾಮುಖಿಗಳನ್ನು 1979ರಲ್ಲಿ ವಾಯೇಜರ್ ನೌಕೆ ಕಂಡಿತು. 1992ರಲ್ಲಿ ಗುರುವಿನ ತೀರ ಸಮೀಪ ಹಾದ ಶೂಮೇಕರ್-ಲೆವಿ ಧೂಮಕೇತುವು ಇಪ್ಪತ್ತಕ್ಕೂ ಮಿಕ್ಕ ಚೂರುಗಳಾಗಿ ಒಡೆದು, 1994ರ ಜುಲೈಯಲ್ಲಿ ಆ ಗ್ರಹದ ಮೇಲೆಯೇ ಬಿದ್ದಿತು.

ಅದೇ ಗುರುವು ನಮಗೆ ಅತಿ ಸಮೀಪವಿದ್ದಾಗಲೂ ಸುಮಾರು 59 ಕೋಟಿ ಕಿಲೋಮೀಟರ್ ದೂರ! ಗ್ರಹಗಳೆಲ್ಲ ಕೂಡಿ ಎಳೆದರೂ ಚಂದ್ರನ ಉಬ್ಬರದ ಸಾವಿರದಲ್ಲೊಂದು ಪಾಲೂ ಆಗದು. ದೋಣಿಯಿಳಿಸುವವರು ಹುಣ್ಣಿಮೆ ಅಮಾವಾಸ್ಯೆಗಳನ್ನು ನೋಡಿಕೊಂಡರೆ ಲೇಸು. ಆಗ ಸೂರ್ಯ ಚಂದ್ರರಿಬ್ಬರೂ ಭೂಮಿಯೊಡನೆ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿರುವುದರಿಂದ ಉಬ್ಬರವು ನಿಜವಾಗಿಯೂ ಏರುತ್ತದೆ.