ಮಂಗಳೂರಿನ ಬೊಮ್ಮ, ಏಡನ್ನಿನ ಕಾಗದ
(ಮಠದ ಮಾಸಿಕ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಧ್ಯಯುಗದ ಜಗತ್ತು, ನಾಡುನಾಡುಗಳ ನಡುವಿನ ಸಂಪರ್ಕ ಎಂಬ ವಿಷಯವನ್ನು ನನಗೆ ಕೊಟ್ಟಿದ್ದೀರಿ. ದೊಡ್ಡ ವಿಷಯ. ಚೀನಾದಿಂದ ಸ್ಪೇನಿನವರೆಗೆ ನಿಮ್ಮನ್ನು ಓಡಾಡಿಸಿ ಸುಸ್ತು ಮಾಡಬಹುದು. ಹಾಗೆ ಮಾಡುವುದು ಬೇಡ. ಒಬ್ಬ ಮನುಷ್ಯನ ಹೆಸರು ಹಿಡಿದು ಹೋಗೋಣ, ಅವನು ಎಲ್ಲಿಯವರೆಗೆ ಕರೆದೊಯ್ಯುತ್ತಾನೋ ಅಲ್ಲಿಯವರೆಗೆ. ಅವನ ಹೆಸರು ಬೊಮ್ಮ. 12ನೆಯ ಶತಮಾನದವನು. ಮಂಗಳೂರಿನಲ್ಲಿ ಪರದೇಶದ ವರ್ತಕನೊಬ್ಬನ ಗುಲಾಮನಾಗಿದ್ದವನು.

ಬೊಮ್ಮ, ಬೊಮ್ಮಯ್ಯ ಎಂಬ ಹೆಸರು ನಿಮಗೆ ಹೊಸದಲ್ಲ. ಶರಣರ ಪಟ್ಟಿಯಲ್ಲಿದೆ, ನಮ್ಮ ಶಾಸನಗಳಲ್ಲಿದೆ, ನಿಮ್ಮ ಊರುಗಳಲ್ಲೂ ಒಬ್ಬಿಬ್ಬರು ಅಜ್ಜಂದಿರು ಇದ್ದಾರು. ಆದರೆ ಈ ಬೊಮ್ಮನ ಹೆಸರು ಉಳಿದದ್ದು ಕನ್ನಡ ಶಾಸನದಲ್ಲಲ್ಲ, ಓಲೆಗರಿಯಲ್ಲೂ ಅಲ್ಲ. ಈಜಿಪ್ಟಿನ ಕೈರೋ ಪಟ್ಟಣದ ಹಳೆಯ ಭಾಗ ಫುಸ್ತಾತ್. ಅಲ್ಲಿನ ಯಹೂದಿಗಳ ಪ್ರಾರ್ಥನಾ ಮಂದಿರದ ಒಂದು ಕತ್ತಲೆ ಕೋಣೆಯಲ್ಲಿ ಅದು ಉಳಿಯಿತು.

ಆ ಕೋಣೆಯ ಸಂಗತಿ ಸ್ವಲ್ಪ ವಿವರವಾಗಿ ಹೇಳಬೇಕು. ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ಹರಿಯಬಾರದು, ಸುಡಬಾರದು ಎಂಬುದು ಯಹೂದಿಗಳ ನಂಬಿಕೆ. ಹಳತಾದ ಕಾಗದಗಳನ್ನು ಒಂದು ಕಡೆ ಹಾಕಿಡುತ್ತಾರೆ. ಆ ಜಾಗಕ್ಕೆ ಗೆನಿಜಾ ಎಂದು ಹೆಸರು. ಫುಸ್ತಾತಿನ ಜನ ಇದನ್ನು ಎಷ್ಟು ಧಾರಾಳವಾಗಿ ಪಾಲಿಸಿದರೆಂದರೆ, ಹೀಬ್ರೂ ಅಕ್ಷರದಲ್ಲಿ ಬರೆದದ್ದು ಏನಿದ್ದರೂ ಒಳಗೆ ಹಾಕಿದರು. ಧರ್ಮಗ್ರಂಥದ ಹಾಳೆ, ಮದುವೆಯ ಕರಾರು, ಸಾಲದ ಚೀಟಿ, ಅಂಗಡಿ ಲೆಕ್ಕ, ಅಣ್ಣತಮ್ಮಂದಿರ ಜಗಳದ ಪತ್ರ, ಎಲ್ಲವೂ ಒಟ್ಟಿಗೆ. ಅಲ್ಲಿ ಮಳೆ ಅಪರೂಪ. ಕಾಗದ ಕೊಳೆಯಲಿಲ್ಲ. 1896ರಲ್ಲಿ ಸ್ಕಾಟ್‌ಲೆಂಡಿನ ಅವಳಿ ಸೋದರಿಯರಿಬ್ಬರು ತಂದ ಕೆಲವು ಹಾಳೆಗಳನ್ನು ನೋಡಿ, ಕೇಂಬ್ರಿಜ್‌ನ ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸ ಕೈರೋಗೆ ಹೋದ. ಕೋಣೆಯ ಬಹುಪಾಲನ್ನು ಪೆಟ್ಟಿಗೆಗಳಲ್ಲಿ ತುಂಬಿ ಸಾಗಿಸಿದ. ಕೇಂಬ್ರಿಜ್ ಒಂದರಲ್ಲೇ ಇಂದು 1,90,000ಕ್ಕೂ ಹೆಚ್ಚು ಚೂರುಗಳಿವೆ. ಉಳಿದವು ಹಲವು ದೇಶಗಳಲ್ಲಿ ಚದುರಿವೆ.

ಶೆಕ್ಟರನಿಗೆ ಬೇಕಾಗಿದ್ದದ್ದು ಧರ್ಮಗ್ರಂಥ. ಅಂಗಡಿ ಲೆಕ್ಕಗಳಿಗೆ ಬೆಲೆ ಬರಲು ಇನ್ನೂ ಅರ್ಧ ಶತಮಾನ ಹಿಡಿಯಿತು. ಎಸ್. ಡಿ. ಗೊಯ್‌ಟೈನ್ ಎಂಬ ವಿದ್ವಾಂಸ ತನ್ನ ಬಾಳಿನ ಕೊನೆಯ ಮೂರೂವರೆ ದಶಕಗಳನ್ನು ಈ ಚೂರುಗಳಿಗೇ ಸವೆಸಿದ. 1985ರಲ್ಲಿ ಅವನು ತೀರಿಕೊಂಡ ಮೇಲೆ ಭಾರತದ ವ್ಯಾಪಾರಕ್ಕೆ ಸಂಬಂಧಿಸಿದ ಪತ್ರಗಳನ್ನು ಫ್ರೀಡ್‌ಮನ್ ಎಂಬ ವಿದ್ವಾಂಸ ಪೂರ್ತಿಗೊಳಿಸಿ 2008ರಿಂದ ಪ್ರಕಟಿಸತೊಡಗಿದ. ಅದಕ್ಕೂ ಮೊದಲೇ, 1992ರಲ್ಲಿ, ಅಮಿತಾವ್ ಘೋಷ್ ಈ ಪತ್ರಗಳಲ್ಲಿ ಗುಲಾಮನೆಂದಷ್ಟೇ ಕಾಣುತ್ತಿದ್ದವನ ಬೆನ್ನು ಹತ್ತಿ ಒಂದು ಪುಸ್ತಕ ಬರೆದರು. ಹೀಬ್ರೂ ಲಿಪಿಯಲ್ಲಿ ಸ್ವರಗಳನ್ನು ಬರೆಯುವ ರೂಢಿ ಕಡಿಮೆ. ಆ ಗುಲಾಮನ ಹೆಸರು ಬ, ಮ, ಹ ಎಂಬ ಮೂರು ಅಕ್ಷರವಾಗಿ ನಿಂತಿತ್ತು. ಹೊರಗಿನವರು ಅದನ್ನು ಬಾಮ ಎಂದು ಓದಿದ್ದರು. ಘೋಷ್ ಮಂಗಳೂರಿಗೆ ಬಂದು ಪ್ರೊ. ಬಿ. ಎ. ವಿವೇಕ ರೈಯವರನ್ನು ಕೇಳಿದ ಮೇಲೆ ಅದು ಬೊಮ್ಮ ಆಯಿತು. ಭಾಷೆ ಬಲ್ಲವರು ಪಕ್ಕದಲ್ಲಿ ಇಲ್ಲದಿದ್ದರೆ ಮನುಷ್ಯನ ಹೆಸರೂ ನಿಲ್ಲುವುದಿಲ್ಲ, ನೋಡಿ.

ಈಗ ಅವನ ಯಜಮಾನನ ಕಡೆ ಬರೋಣ. ಅಬ್ರಹಾಂ ಬೆನ್ ಯಿಜು. ಇಂದಿನ ಟ್ಯುನಿಷಿಯಾದ ಮಹದಿಯಾ ಎಂಬ ಕಡಲೂರಿನ ಯಹೂದಿ. ಈಜಿಪ್ಟ್, ಏಡನ್ ದಾಟಿ 1132ರ ಹೊತ್ತಿಗೆ ಮಂಗಳೂರಿಗೆ ಬಂದು ನೆಲೆಸಿದ್ದ. ತುಳುನಾಡಿನಲ್ಲಿ ಆಗ ಆಳುಪರ ಆಳ್ವಿಕೆ. ಕಲ್ಯಾಣದಲ್ಲಿ ಚಾಳುಕ್ಯರು. ಬಿಜ್ಜಳ ಗದ್ದುಗೆ ಹಿಡಿಯಲು ಇನ್ನೂ ಎರಡು ದಶಕಕ್ಕೂ ಹೆಚ್ಚು ಕಾಲವಿತ್ತು. ಬೆನ್ ಯಿಜು ಸುಮಾರು 17 ವರ್ಷ ನಮ್ಮ ಕರಾವಳಿಯಲ್ಲಿದ್ದ. ಕಾಳುಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಏಡನ್ನಿಗೆ ಕಳಿಸುತ್ತಿದ್ದ. ಅದರ ಜೊತೆಗೆ ಒಂದು ಎರಕದ ಕಾರ್ಖಾನೆಯನ್ನೂ ನಡೆಸುತ್ತಿದ್ದ. ಏಡನ್ನಿನ ಗೆಳೆಯರು ತಾಮ್ರ, ಸೀಸ, ಒಡೆದ ಹಳೆ ಪಾತ್ರೆಗಳನ್ನು ಹಡಗಿಗೆ ಹಾಕಿ, ಇಂಥ ದೀಪ ಬೇಕು, ಇಂಥ ಬಟ್ಟಲು ಬೇಕು, ಇಷ್ಟು ತೂಕ, ಈ ಆಕಾರ ಎಂದು ಬರೆದು ಕಳಿಸುವರು. ನಮ್ಮ ಕಂಚುಗಾರರು ಕರಗಿಸಿ ಹೊಸದಾಗಿ ಎರಕ ಹೊಯ್ದು ಕೊಡುವರು. ಒಡಕು ಪಾತ್ರೆ ಕಡಲು ದಾಟಿ ಬಂದು ಹೊಸದಾಗಿ ಮರಳಿ ಹೋಗುತ್ತಿತ್ತು ಎಂದರೆ, ನಮ್ಮ ಕಂಚುಗಾರರ ಕೈಗೆ ಎಂಥ ಹೆಸರಿತ್ತೆಂದು ಲೆಕ್ಕ ಹಾಕಿ.

ಅಲ್ಲಿಂದ ಇಲ್ಲಿಗೆ ಬರುತ್ತಿದ್ದದ್ದು? ಸಕ್ಕರೆ, ಒಣದ್ರಾಕ್ಷಿ, ಬಾದಾಮಿ, ಸಾಬೂನು, ಚಾಪೆ. ಎಲ್ಲಕ್ಕಿಂತ ಮುಖ್ಯವಾಗಿ ಕಾಗದ. ನಮ್ಮಲ್ಲಿ ಆಗ ಓಲೆಗರಿ. ಬೆನ್ ಯಿಜುಗೆ ಕಾಗದವಿಲ್ಲದೆ ಕೈ ಓಡದು. ಬಂದ ಪತ್ರದ ಬೆನ್ನನ್ನೂ ಅವನು ಖಾಲಿ ಬಿಡುತ್ತಿರಲಿಲ್ಲ. ಕರಡು, ಲೆಕ್ಕ, ಪದ್ಯ, ಎಲ್ಲವನ್ನೂ ಅಲ್ಲೇ ಬರೆಯುತ್ತಿದ್ದ. ಅಂಥ ಒಂದು ಪತ್ರದ ಹಿಂಬದಿಯಲ್ಲಿ ಹಡಗಿನ ಪ್ರಯಾಣಕ್ಕೆ ಕಟ್ಟಿಕೊಂಡ ಪಾತ್ರೆಪಡಗ, ತಿನಿಸುಗಳ ಪಟ್ಟಿಯಿದೆ. ಆ ಒಂದೇ ಪಟ್ಟಿಯ ಮೇಲೆ ಎಲಿಜಬೆತ್ ಲ್ಯಾಂಬರ್ನ್ ಎಂಬವರು 2018ರಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ.

ಇಷ್ಟೆಲ್ಲ ವಹಿವಾಟು ನಡೆದದ್ದು ಯಾವ ಬಲದ ಮೇಲೆ? ಮಳೆಗಾಲ ಮುಗಿಯುವ ಹೊತ್ತಿಗೆ ಏಡನ್ನಿನಿಂದ ಹಡಗು ಹೊರಟು ಬರಬೇಕು. ಚಳಿಗಾಲದ ಗಾಳಿಗೆ ಇಲ್ಲಿಂದ ಮರಳಬೇಕು. ಒಂದು ಪ್ರಶ್ನೆಗೆ ಉತ್ತರ ಮುಟ್ಟಲು ಒಂದು ಗಾಳಿಯಿಂದ ಇನ್ನೊಂದು ಗಾಳಿಗೆ ಕಾಯಬೇಕು. ಹಡಗು ಮುಳುಗಿದರೆ ಎಂದು ಒಂದೇ ಪತ್ರದ ಎರಡು ಪ್ರತಿಗಳನ್ನು ಬೇರೆ ಬೇರೆ ಹಡಗಿನಲ್ಲಿ ಹಾಕುವರು. ಇಲ್ಲಿಗೂ ಅಲ್ಲಿಗೂ ಸಲ್ಲುವ ಒಂದು ನ್ಯಾಯಾಲಯ ಇರಲಿಲ್ಲ. ಏಲಕ್ಕಿಗೆಂದು ಮುಂಗಡ ಪಡೆದ ಕಾರ್ದಾರ್ ಎಂಬ ವ್ಯಾಪಾರಿ ಮಾಲು ಕೊಡದೆ ಕೈಕೊಟ್ಟಾಗ ಏಡನ್ನಿನವರು ಬರೆದದ್ದು ಇಷ್ಟೇ: ಅವನಿಗೆ ಹೇಳು, ಅವನ ಮಾನ ಹೋಗುವಂತೆ ಮಾಡುತ್ತೇವೆ ಎಂದು ಹೆದರಿಸು. ಮಾತು ಕೆಟ್ಟರೆ ಮಾರುಕಟ್ಟೆ ಹೋಯಿತು. ಯಹೂದಿ, ಮುಸ್ಲಿಂ, ಗುಜರಾತಿನ ವಾಣಿ, ನಮ್ಮ ಕರಾವಳಿಯವ, ಇವರೆಲ್ಲ ಒಬ್ಬರ ಹಣ ಒಬ್ಬರ ಕೈಯಲ್ಲಿಟ್ಟು ನಿದ್ದೆ ಮಾಡಿದ್ದು ಈ ಮಾತಿನ ಮೇಲೆ.

ನಮ್ಮ ಪಠ್ಯಪುಸ್ತಕದಲ್ಲಿ ಆ ಶತಮಾನದ ಜಗತ್ತು ಹೇಗಿದೆ? 1099ರಲ್ಲಿ ಕ್ರೈಸ್ತ ಸೈನ್ಯ ಜೆರುಸಲೇಂ ಹಿಡಿಯಿತು, 1187ರಲ್ಲಿ ಸಲಾದೀನ್ ಅದನ್ನು ಮರಳಿ ಗೆದ್ದ. ಸುಳ್ಳಲ್ಲ. ಆದರೆ ಆ ಎರಡು ಇಸವಿಗಳ ನಡುವೆ ವರ್ಷವರ್ಷವೂ ಮೆಣಸಿನ ಮೂಟೆ, ಕಾಗದದ ಕಟ್ಟು ಕಡಲು ದಾಟುತ್ತಲೇ ಇದ್ದವು. ಪರೀಕ್ಷೆಗೆ ಅದು ಬರುವುದಿಲ್ಲ, ಅಷ್ಟೇ.

ನಮ್ಮಲ್ಲಿ ಆಧಾರಗಳಿಲ್ಲವೇ ಎಂದು ಕೇಳಬಹುದು. ಇವೆ. ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರೆಂಬ ವರ್ತಕರ ಕೂಟದ ಶಾಸನಗಳು ಕನ್ನಡ ನಾಡಿನ ತುಂಬ ಸಿಗುತ್ತವೆ. ಅದೇ ಐನೂರ್ವರ ಹೆಸರಿನ ತಮಿಳು ಶಾಸನವೊಂದು ಸುಮಾತ್ರಾ ದ್ವೀಪದಲ್ಲಿ ಸಿಕ್ಕಿದೆ, 1088ರದು. ಆದರೆ ಶಾಸನ ಹೊಗಳಿಕೆಗೆಂದು ಕಡೆದದ್ದು. ಆನೆ, ಕುದುರೆ, ಮುತ್ತು, ಕರ್ಪೂರ ಮಾರಿದೆವು, ಎಲ್ಲ ದೇಶ ಸುತ್ತಿದೆವು ಎನ್ನುತ್ತದೆ. ಮಾಲು ಒದ್ದೆಯಾಯಿತು, ಸಾಲ ಮರಳಲಿಲ್ಲ, ಆಳು ಕುಡಿದು ಬಂದ ಎಂದು ಯಾರೂ ಕಲ್ಲಿನಲ್ಲಿ ಕೊರೆಸುವುದಿಲ್ಲ. ಅದಕ್ಕೆ ಕಾಗದ ಬೇಕು, ಓಲೆಗರಿ ಬೇಕು. ಓಲೆಗರಿ ನಮ್ಮ ಮಳೆಗೆ, ಗೆದ್ದಲಿಗೆ ಬಾಳುವುದು ಕಷ್ಟ. ಮತ್ತೆ ಮತ್ತೆ ನಕಲು ಮಾಡಿದ್ದು ಮಾತ್ರ ಉಳಿಯುತ್ತದೆ. ವಚನದ ಕಟ್ಟುಗಳನ್ನು ನಕಲು ಮಾಡಿದ ಮನೆತನಗಳಿದ್ದವು, ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ಅವನ್ನು ಕೂಡಿಸಿದರು. ಅಡಿಕೆ ಲೆಕ್ಕವನ್ನು ಯಾರು ನಕಲು ಮಾಡುತ್ತಾರೆ?

ಇಲ್ಲಿ ಕುಳಿತಿರುವ ಮಠದ ಕಾರ್ಯಕರ್ತರಲ್ಲಿ ಒಂದು ಮಾತು. ಅಟ್ಟದ ಮೇಲೆ ಹಳೆಯ ಕಡತ, ಕೀರ್ದಿ ಪುಸ್ತಕ, ದಾಸೋಹದ ಅಕ್ಕಿಬೇಳೆ ಲೆಕ್ಕ, ಮೋಡಿ ಅಕ್ಷರದ ಚೀಟಿ ಇದ್ದರೆ, ಸುಣ್ಣ ಹೊಡೆಸುವಾಗ ತೂಕಕ್ಕೆ ಹಾಕಬೇಡಿ. ಗ್ರಂಥ ಎಂದರೆ ಕೈಮುಗಿದು ಎತ್ತಿಡುತ್ತೇವೆ, ಲೆಕ್ಕ ಎಂದರೆ ರದ್ದಿ. ಫುಸ್ತಾತಿನವರು ಎರಡನ್ನೂ ಒಂದೇ ಕೋಣೆಗೆ ಹಾಕಿದ್ದರಿಂದ ನಾವು ಇವತ್ತು ಬೊಮ್ಮನ ಮಾತಾಡುತ್ತಿದ್ದೇವೆ.

ಬೊಮ್ಮನಿಗೆ ಮರಳೋಣ. ಯಜಮಾನನ ಪರವಾಗಿ ಅವನು ಮಾಲು ತೆಗೆದುಕೊಂಡು ಏಡನ್ನಿಗೆ ಹೋಗಿಬರುತ್ತಿದ್ದ. ಸಂಬಳವಿತ್ತು. ಒಮ್ಮೆ ಏಡನ್ನಿನ ದೊಡ್ಡ ವರ್ತಕ ಮಾದ್ಮೂನ್ ಬೆನ್ ಯಿಜುಗೆ ದೂರು ಬರೆಯುತ್ತಾನೆ: ನಿನ್ನ ಆಳು ಕುಡಿದು ಬಂದು, ಕೊಟ್ಟದ್ದು ಸಾಲದು, ಇನ್ನೂ ಹಣ ಕೊಡು ಎಂದು ಪೀಡಿಸಿದ. ನನಗಂತೂ ಈ ದೂರು ಬಹಳ ಇಷ್ಟ. ಎಂಟುನೂರು ಚಿಲ್ಲರೆ ವರ್ಷದ ಹಿಂದೆ ನಮ್ಮ ಕರಾವಳಿಯ ಒಬ್ಬ ಗುಲಾಮ ಪರದೇಶದ ಸಾಹುಕಾರನ ಮುಂದೆ ನಿಂತು ಕೈಚಾಚದೆ ಕೇಳುತ್ತಿದ್ದಾನೆ! ಕುಡಿತಕ್ಕೆ ನಾನು ಬೆಂಬಲ ಕೊಡುತ್ತಿಲ್ಲ, ಸ್ವಾಮೀಜಿಯವರು ಮನ್ನಿಸಬೇಕು. ವರ್ಷ ಕಳೆದಂತೆ ಪತ್ರಗಳಲ್ಲಿ ಅವನಿಗೂ ವಂದನೆ ಬರತೊಡಗುತ್ತದೆ. ಕೊನೆಕೊನೆಗೆ ಖಲಫ್ ಎಂಬ ವರ್ತಕ ಅವನನ್ನು ಶೇಖ್ ಬೊಮ್ಮ ಎಂದು ಗೌರವದಿಂದ ಕರೆಯುತ್ತಾನೆ.

ಇಷ್ಟು ಕೇಳಿ, ಆ ಕಾಲ ಎಷ್ಟು ಉದಾರ, ಜಾತಿಮತ ಇಲ್ಲದೆ ಎಲ್ಲರೂ ಕೂಡಿ ಬಾಳಿದರು ಎಂದು ಹಾಡಿಹೊಗಳುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಅದಕ್ಕೆ ಕಾರಣ ಇನ್ನೊಂದು ಹೆಸರು, ಆಶು.

1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬರೆದ ಒಂದು ಪತ್ರ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದೆ. ಆಶು ಎಂಬ ತೊತ್ತನ್ನು ಬೆನ್ ಯಿಜು ಬಿಡುಗಡೆ ಮಾಡಿದ ಪತ್ರ ಅದು. ಅವಳಿಗೆ ಬೆರಾಖಾ ಎಂಬ ಹೊಸ ಹೆಸರಿಟ್ಟರು, ಆಶೀರ್ವಾದ ಎಂದು ಅರ್ಥ. ಅವಳು ಅವನ ಮಕ್ಕಳ ತಾಯಿ. ಇಲ್ಲಿ ಇರುವಷ್ಟು ದಿನ ಸಂಸಾರ ನಡೆಯಿತು, ಅವಳ ಅಣ್ಣತಮ್ಮನೊಡನೆ ಲೇವಾದೇವಿಯೂ ನಡೆಯಿತು. 1149ರಲ್ಲಿ ಮಕ್ಕಳೊಡನೆ ಏಡನ್ನಿಗೆ ಮರಳಿದ ಮೇಲೆ ಪ್ರಶ್ನೆ ಎದ್ದಿತು. ಈ ಮಕ್ಕಳ ತಾಯಿ ಯಾರು? ಹಿಂದೂಸ್ಥಾನದ ತೊತ್ತಿನ ಮಕ್ಕಳು ನಮ್ಮ ಕುಲಕ್ಕೆ ಸಲ್ಲುತ್ತಾರೆಯೇ? ಮಕ್ಕಳ ಹುಟ್ಟು ಶುದ್ಧವೆಂದು ತೋರಿಸಲು ಬೆನ್ ಯಿಜು ಧರ್ಮಶಾಸ್ತ್ರದ ಆಧಾರ ಹುಡುಕಿ ಕರಡಿನ ಮೇಲೆ ಕರಡು ಬರೆದ ಹಾಳೆಗಳು ಸಿಕ್ಕಿವೆ. ಅಡಿಕೆ ದಾಟಿತು, ತಾಮ್ರ ದಾಟಿತು, ಹಣ ದಾಟಿತು. ಮಗು ದಾಟುವಾಗ ಮಾತ್ರ ಸುಂಕದ ಕಟ್ಟೆ ಬಂತು. ಈ ಪ್ರಶ್ನೆ ಯಹೂದಿಗಳ ಸ್ವತ್ತೆಂದು ನಾವು ಯಾರೂ ನಗುವಂತಿಲ್ಲ. ತೊತ್ತಿನ ಮಗ ಎಂಬ ಬೈಗುಳ ಕನ್ನಡದ್ದೇ.

ಅದೇ ಸೆಪ್ಟೆಂಬರಿನಲ್ಲಿ ಅವನು ತನ್ನ ಸೋದರರಿಗೆ ಬರೆದ ಪತ್ರವಿದೆ. ಹಿಂದಿನ ವರ್ಷ ಸಿಸಿಲಿಯ ನಾರ್ಮನ್ನರು ಮಹದಿಯಾವನ್ನು ಹಿಡಿದಿದ್ದರು, ಮನೆಯವರೆಲ್ಲ ಚದುರಿಹೋಗಿದ್ದರು. ನಾನು ಗಳಿಸಿ ತಂದಿದ್ದೇನೆ, ಬನ್ನಿ, ನನ್ನ ಮಗಳನ್ನು ನಿಮ್ಮ ಮಗನಿಗೆ ಕೊಡುತ್ತೇನೆ ಎನ್ನುತ್ತಾನೆ. ಏಡನ್ನಿನ ಸಿರಿವಂತರ ಮನೆಯಿಂದ ಬಂದ ಸಂಬಂಧವನ್ನು ಬಿಟ್ಟು ಸ್ವಂತ ರಕ್ತದಲ್ಲೇ ಗಂಡು ಹುಡುಕಿದ. ಮಗ ತೀರಿಕೊಂಡ. ಮಗಳ ಮದುವೆ 1156ರಲ್ಲಿ ಫುಸ್ತಾತಿನಲ್ಲಿ ಸೋದರನ ಮಗನೊಡನೆ ಆಯಿತು. ಸೋದರರಿಗೆ ಬರೆದ ಆ ಪತ್ರದಲ್ಲಿ ಮಗ, ಮಗಳು ಇದ್ದಾರೆ. ಆಶುವಿನ ಹೆಸರಿಲ್ಲ.

ಆದ್ದರಿಂದ ಸಂಪರ್ಕದ ಇತಿಹಾಸ ಓದುವ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಇಷ್ಟು. ಯಾವ ಹಡಗು ಎಲ್ಲಿಗೆ ಹೋಯಿತು, ಏನು ಹೇರಿತ್ತು ಎಂಬುದನ್ನು ಕಲಿಯಿರಿ, ಅದು ಬೇಕು. ಆಮೇಲೆ ಆ ಪಟ್ಟಿಯಲ್ಲಿ ಮೂಟೆ ಹೊತ್ತವನು ಎಲ್ಲಿದ್ದಾನೆ, ಮನೆ ನಡೆಸಿದವಳು ಎಲ್ಲಿದ್ದಾಳೆ ಎಂದು ಹುಡುಕಿ. ಹುಡುಕಲು ಅರಬ್ಬೀ ಬೇಕಾಗುತ್ತದೆ, ಹೀಬ್ರೂ ಲಿಪಿ ಬೇಕಾಗುತ್ತದೆ. ಈ ಪತ್ರಗಳ ಮಾತು ಅರಬ್ಬೀ, ಅಕ್ಷರ ಹೀಬ್ರೂ. ತುಳು, ಹಳಗನ್ನಡ ಬಲ್ಲ ನಮ್ಮ ಮಕ್ಕಳಲ್ಲಿ ಇಬ್ಬರು ಅದನ್ನೂ ಕಲಿತರೆ ಇನ್ನೆಷ್ಟು ಹೆಸರುಗಳು ಸರಿಯಾಗಿ ಓದಲು ಸಿಕ್ಕಾವು. ಇದಕ್ಕೆ ವಿಲಾಯತಿಗೇ ಹೋಗಬೇಕಾಗಿಲ್ಲ. ಗೆನಿಜಾದ ಬಹಳಷ್ಟು ಹಾಳೆಗಳ ಚಿತ್ರಗಳು ಇಂದು ಕಂಪ್ಯೂಟರಿನಲ್ಲೇ ಸಿಗುತ್ತವೆ.

ಬೊಮ್ಮ ಕೊನೆಯದಾಗಿ ಕಾಣುವುದು ಈಜಿಪ್ಟಿನಲ್ಲಿ ಬೆನ್ ಯಿಜು ಬರೆದುಕೊಂಡ ಲೆಕ್ಕದ ಒಂದು ಚೂರಿನಲ್ಲಿ. ಆ ಚೂರು ಇಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿದೆ. ಅದೂ ಜಮಾಖರ್ಚಿನ ಹಾಳೆಯೇ. ಅದರಾಚೆಗೆ ಅವನ ಸುದ್ದಿಯಿಲ್ಲ.