ಗಾಜಿನ ಮೇಲಿನ ಚೀಟಿ
(ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸಲಗರ ಸೀಮೆಯ ಉಳ್ಳಾಗಡ್ಡಿಯನ್ನು ಹೊತ್ತು ಪುಣೆಗೆ ಹೊರಟ ಲಾರಿಯು ಮೋಹೋಳದ ಬಳಿಯ ಸಾವಳೇಶ್ವರದ ಸುಂಕದ ಕಟ್ಟೆಯನ್ನು ಸೇರಿದೊಡನೆ ಅಡ್ಡಗಂಬವು ಮೇಲೇಳುತ್ತದೆ. ಚಾಲಕನ ಕೈ ಕಿಸೆಗೆ ಹೋಗುವುದಿಲ್ಲ. ಮುಂಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಎಂಬ ಚೀಟಿಯೇ ಇದಕ್ಕೆ ಕಾರಣ. 2021ರ ಫೆಬ್ರವರಿಯಿಂದ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಇದು ಕಡ್ಡಾಯವಾಗಿದೆ. ಇದರೊಳಗಿನ ಹಣವನ್ನು ಯಾರಾದರೂ ಕದ್ದಾರೆಂಬ ಅಂಜಿಕೆ ಹಲವರಲ್ಲಿದೆ. ಆದುದರಿಂದ ಇದರ ಗುಟ್ಟನ್ನು ತುಸು ಬಿಡಿಸಿ ಹೇಳುವೆನು.

ಈ ಚೀಟಿಯಲ್ಲಿ ಬ್ಯಾಟರಿಯಿಲ್ಲ. ಎಳ್ಳುಕಾಳಿಗಿಂತ ಚಿಕ್ಕದಾದ ಒಂದು ಚಿಪ್, ಅದಕ್ಕೆ ಜೋಡಿಸಿದ ತೆಳುವಾದ ಲೋಹದ ಆಂಟೆನಾ, ಇಷ್ಟೆ. ಸುಂಕದ ಕಟ್ಟೆಯ ಯಂತ್ರವು ಸೆಕೆಂಡಿಗೆ 86 ಕೋಟಿಗೂ ಮಿಗಿಲಾಗಿ ಕಂಪಿಸುವ ರೇಡಿಯೋ ಅಲೆಗಳನ್ನು ಬೀರುತ್ತದೆ. ಆ ಅಲೆಗಳ ಶಕ್ತಿಯಿಂದಲೇ ಚಿಪ್ ಎಚ್ಚರಗೊಳ್ಳುತ್ತದೆ. ಅದು ಉತ್ತರ ಕೊಡುವ ಬಗೆಯೇ ಸೋಜಿಗದ್ದು. ಹುಡುಗರು ಬಿಸಿಲಿಗೆ ಕನ್ನಡಿ ಹಿಡಿದು ಗೋಡೆಯ ಮೇಲೆ ಬೆಳಕು ಕುಣಿಸುವುದನ್ನು ನೀವೆಲ್ಲ ಕಂಡಿದ್ದೀರಿ. ಕನ್ನಡಿಗೆ ಅಂಗೈಯನ್ನು ಅಡ್ಡವಿಟ್ಟು ತೆಗೆದರೆ ಗೋಡೆಯ ಬೆಳಕು ಮಿಣುಕುತ್ತದೆ. ಕನ್ನಡಿಗೆ ಸ್ವಂತ ಬೆಳಕಿಲ್ಲ. ಆದರೂ ಸಂಜ್ಞೆ ತಲುಪುತ್ತದೆ. ಅಂತೆಯೇ ಚಿಪ್ಪು ತನ್ನ ಮೇಲೆ ಬಿದ್ದ ಅಲೆಯನ್ನು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಪ್ರತಿಫಲಿಸುತ್ತ ತನ್ನ ಸಂಖ್ಯೆಯನ್ನು ಅರುಹುತ್ತದೆ. ಹ್ಯಾರಿ ಸ್ಟಾಕ್‌ಮನ್ ಎಂಬವರು 1948ರಲ್ಲಿಯೇ ಪ್ರತಿಫಲಿತ ಶಕ್ತಿಯಿಂದ ಸಂದೇಶ ಕಳಿಸುವ ವಿಚಾರವನ್ನು ಬರೆದಿದ್ದರು. ಅಗ್ಗದ ಚಿಪ್ ದೊರೆಯಲು ದಶಕಗಳೇ ಬೇಕಾದವು. ಆರ್‌ಎಫ್‌ಐಡಿ ಎಂದು ಕರೆಯುವುದು ಈ ವಿದ್ಯೆಯನ್ನೇ.

ವ್ಯಾಪಾರಿಗಳು ಇದನ್ನು ಮೆಚ್ಚಲು ಕಾರಣವಿದೆ. ಬಾರ್‌ಕೋಡನ್ನು ಒಂದೊಂದಾಗಿ ಯಂತ್ರದ ಕಣ್ಣಿಗೆ ಹಿಡಿಯಬೇಕು. ಸೊಲ್ಲಾಪುರದ ಚಾದರಗಳಿಗೆ ಇಂಥ ಚೀಟಿ ಹಚ್ಚಿದರೆ ಗಂಟು ಬಿಚ್ಚದೆಯೇ ಎಲ್ಲವನ್ನೂ ಎಣಿಸಬಹುದು. ನೀರು, ಲೋಹಗಳು ಮಾತ್ರ ಈ ಅಲೆಗಳಿಗೆ ಅಡ್ಡಿ.

ಇನ್ನು ಕಳವಿನ ಮಾತು. ಗಾಜು ಒರೆಸುವ ಹುಡುಗನೊಬ್ಬನು ಕೈಗಡಿಯಾರದಿಂದ ಫಾಸ್ಟ್ಯಾಗಿನ ಹಣ ದೋಚಿದನೆಂಬ ಚಿತ್ರವೊಂದು 2022ರ ಜೂನಿನಲ್ಲಿ ಮೊಬೈಲುಗಳಲ್ಲಿ ಹರಿದಾಡಿತು. ರಾಷ್ಟ್ರೀಯ ಪಾವತಿ ನಿಗಮವು ಅದು ಸುಳ್ಳೆಂದು ಸಾರಿತು. ಚೀಟಿಯಲ್ಲಿರುವುದು ಸಂಖ್ಯೆ, ಹಣವಿರುವುದು ಖಾತೆಯಲ್ಲಿ. ಅಲ್ಲಿಂದ ಅದು ನೋಂದಾಯಿತ ಸುಂಕದ ಕಟ್ಟೆಗಳಂಥವುಗಳಿಗಷ್ಟೇ ಸಲ್ಲುತ್ತದೆ, ದಾರಿಹೋಕನಿಗಲ್ಲ. ಬಡ ಹುಡುಗನ ಮೇಲೆ ಕಳವು ಹೊರಿಸಲು ಜನ ಎಷ್ಟು ಬೇಗ ಒಪ್ಪಿದರು!

ನಿಜವಾದ ಎಚ್ಚರ ಬೇಕಾದುದು ಬೇರೆ ಕಡೆಗೆ. ವಾಹನವು ಯಾವ ಕಟ್ಟೆಯನ್ನು ಎಷ್ಟು ಗಂಟೆಗೆ ದಾಟಿತೆಂಬುದು ದಾಖಲಾಗುತ್ತದೆ. ಹಳೆಯ ಟೆಂಪೋ ಮಾರಿದವರು ಚೀಟಿಯನ್ನು ರದ್ದುಮಾಡಿಸದಿದ್ದರೆ, ಕೊಂಡವನು ತಿರುಗಿದ ದಾರಿಯ ಸುಂಕವು ಮಾರಿದವರ ಖಾತೆಯಿಂದಲೇ ಹೋದೀತು. ಮಾರುವ ದಿನವೇ ಚೀಟಿ ಕೊಟ್ಟ ಬ್ಯಾಂಕಿಗೆ ತಿಳಿಸಿರಿ.